9 ವಾರದ ಓಟದ ಪ್ರೋಗ್ರಾಂ, ನನಗೆ 13 ವಾರ ಹಿಡಿಯಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಓಡುವ ಪೈಕಿ ಅಲ್ಲ. ಶಾಲೆಯಲ್ಲಿ ಓಟದ ಪಂದ್ಯ ಇದ್ದ ದಿನ ಹೊಟ್ಟೆನೋವು ಅಂತ ಮೂಲೆಯಲ್ಲಿ ಕೂತವಳು. ಬಸ್ಸು ಕಣ್ಣೆದುರೇ ಹೊರಟರೂ ಹಿಂದೆ ಓಡುವುದಿಲ್ಲ, ಹೋಗಲಿ ಬಿಡು, ಇನ್ನೊಂದು ಬರುತ್ತದೆ ಅಂತ ನಿಲ್ಲುತ್ತೇನೆ. ಅಂಥವಳು 43ನೇ ವಯಸ್ಸಿನಲ್ಲಿ ಕೌಚ್ ಟು ಫೈವ್ ಕೆ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೊನೆಗೂ ಮುಗಿಸಿದ್ದೇನೆ. ಹಾಗಾಗಿ ಇದು ಓಟ ಬಲ್ಲವರ ರಿವ್ಯೂ ಅಲ್ಲ. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳ ರಿವ್ಯೂ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕೌಚ್ ಅಂದರೆ ಸೋಫಾ. ಸೋಫಾ ಬಿಟ್ಟು ಏಳದವರನ್ನು 5 ಕಿಲೋಮೀಟರ್ ಓಡುವ ಹಾಗೆ ಮಾಡುತ್ತೇವೆ ಅನ್ನುವುದು ಹೆಸರಿನ ಅರ್ಥ. ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಹುಡುಗ 1996ರಲ್ಲಿ ಇದನ್ನು ಬರೆದಿಟ್ಟದ್ದು, 50 ದಾಟಿದ ತನ್ನ ಅಮ್ಮನನ್ನು ಎಬ್ಬಿಸಿ ಓಡಿಸಬೇಕು ಅಂತ. ಆಮೇಲೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಅದನ್ನೇ ತೆಗೆದುಕೊಂಡು ಕಿವಿಯಲ್ಲಿ ಕೇಳಿಸಿಕೊಂಡು ಓಡುವ ಹಾಗೆ ಮಾಡಿತು, ಆಪ್ ಬಂತು, ಅಲ್ಲಿಂದ ಇದು ಎಲ್ಲ ಕಡೆ ಹಬ್ಬಿತು. ಈಗ ಇದೇ ಪಟ್ಟಿ ಇಟ್ಟುಕೊಂಡ ಆಪ್‌ಗಳು ಬೇಕಾದಷ್ಟಿವೆ. ಆಪ್ ಬೇಡ ಅಂದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಕೈಗಡಿಯಾರ ನೋಡಿಕೊಂಡೂ ಓಡಬಹುದು. ದುಡ್ಡು ಕೊಡಬೇಕಾಗಿಲ್ಲ.

9 ವಾರ, ವಾರಕ್ಕೆ 3 ದಿನ. ಪ್ರತಿ ಸಲ ಶುರುವಿಗೆ 5 ನಿಮಿಷ ಬಿರುಸಾದ ನಡಿಗೆ, ಕೊನೆಗೆ ಇನ್ನೊಂದು 5 ನಿಮಿಷ ನಡಿಗೆ. ಮೊದಲ ವಾರ ನಡುವಿನ 20 ನಿಮಿಷದಲ್ಲಿ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೇ 8 ಸಲ. ಎರಡನೇ ವಾರ ಒಂದೂವರೆ ನಿಮಿಷ ಓಟ, 2 ನಿಮಿಷ ನಡಿಗೆ. ಮೂರರಲ್ಲಿ ಒಂದು ಓಟ 3 ನಿಮಿಷದ್ದು. ನಾಲ್ಕರಲ್ಲಿ 5 ನಿಮಿಷದ್ದು ಬರುತ್ತದೆ. ಐದನೇ ವಾರದ ಬಗ್ಗೆ ಆಮೇಲೆ ಹೇಳುತ್ತೇನೆ, ಅದು ಬೇರೆಯೇ ಕಥೆ. ಕೊನೆಯ ವಾರ 30 ನಿಮಿಷ, ಮಧ್ಯೆ ಎಲ್ಲೂ ನಡೆಯುವ ಹಾಗಿಲ್ಲ.

ಕಾಗದದ ಮೇಲೆ ಓದಿದಾಗ ನನಗೆ ನಗು ಬಂದಿತ್ತು. ಒಂದು ನಿಮಿಷ ಓಡೋದು ಏನು ಮಹಾ ಅಲ್ವಾ?

ಮೊದಲ ದಿನ ನಾಲ್ಕನೇ ಸುತ್ತಿಗೆ ಗೊತ್ತಾಯಿತು ಏನು ಮಹಾ ಅಂತ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಎಡ ಪಕ್ಕೆ ಚುಚ್ಚುತ್ತಿತ್ತು, ಕಿವಿಯೊಳಗೆ ನನ್ನದೇ ಎದೆಬಡಿತ ಕೇಳುತ್ತಿತ್ತು. ಬೆಂಚು ಕಂಡದ್ದೇ ಹೋಗಿ ಕೂತೆ. ಕೂತಿರುವಾಗಲೇ ಆಪಿನ ಹೆಂಗಸು ಕಿವಿಯಲ್ಲಿ ಭಾರೀ ಖುಷಿಯಿಂದ, ನೀವು ಅದ್ಭುತವಾಗಿ ಓಡುತ್ತಿದ್ದೀರಿ, ಹೀಗೇ ಮುಂದುವರಿಸಿ ಅಂದಳು. ನಾನು ಬೆಂಚಿನ ಮೇಲೆ ಕೂತು ಶೂ ಲೇಸು ಸಡಿಲ ಮಾಡುತ್ತಿದ್ದೆ.

ಆವತ್ತೇ ನನಗೆ ಆಪಿನ ಹೊಗಳಿಕೆಯ ಮೇಲಿನ ನಂಬಿಕೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಕೆಲವರಿಗೆ ಆ ದನಿ ತುಂಬಾ ಇಷ್ಟ, ಅದಿಲ್ಲದೆ ಓಡುವುದಕ್ಕೇ ಆಗುವುದಿಲ್ಲ ಅನ್ನುವವರಿದ್ದಾರೆ. ನನಗೆ ಮಾತ್ರ ಅದರಿಂದ ಸಿಕ್ಕಿದ್ದು ಗಂಟೆ ಹೊಡೆಯುವ ಕೆಲಸ ಒಂದೇ. ಈಗ ಓಡು, ಈಗ ನಡೆ. ಆ ಕೆಲಸವನ್ನಾದರೂ ಸರಿಯಾಗಿ ಮಾಡಿತಾ ಅಂದರೆ, ನಾನು ಮೊದಲು ಹಾಕಿಕೊಂಡ ಆಪ್ ಯಾರಾದರೂ ಫೋನ್ ಮಾಡಿದ ತಕ್ಷಣ ಎಣಿಕೆ ನಿಲ್ಲಿಸಿ ಸುಮ್ಮನಾಗಿಬಿಡುತ್ತಿತ್ತು. ಒಂದು ಸಲ 3 ನಿಮಿಷ ಅಂದುಕೊಂಡು ಎಷ್ಟು ಓಡಿದೆನೋ ದೇವರಿಗೇ ಗೊತ್ತು. ಆಮೇಲೆ ಬೇರೆ ಆಪ್‌ಗೆ ಬದಲಾದೆ.

ನನ್ನನ್ನು ನಿಜವಾಗಿ ಓಡಿಸಿದ್ದು ಅಕ್ಕ. ಅವಳು ಹಿಂದಿನ ವರ್ಷವೇ ಇದನ್ನು ಮುಗಿಸಿದ್ದಳು. ಇರುವುದು ಬೇರೆ ಊರಲ್ಲಿ, ಹಾಗಾಗಿ ಎಲ್ಲ ಫೋನಿನಲ್ಲೇ. ಮೊದಲ ದಿನದ ಕಥೆ ಹೇಳಿದೆ.

"ಎಷ್ಟು ಜೋರಾಗಿ ಓಡಿದೆ?"

"ಓಡೋ ಹಾಗೆ ಓಡಿದೆ."

"ಅದೇ ತಪ್ಪು ಕಣೇ. ಪಕ್ಕದಲ್ಲಿ ನಡ್ಕೊಂಡು ಹೋಗೋರು ನಿನ್ನ ದಾಟಿ ಹೋಗ್ಬೇಕು. ಅಷ್ಟು ನಿಧಾನ ಓಡು."

"ಅದಕ್ಕೆ ಓಟ ಅಂತಾರಾ?"

"ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ಓಟ. ಅಷ್ಟೇ."

ಇಡೀ ಪ್ರೋಗ್ರಾಂನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಇದು. ಹೊಸಬರು ಓಟ ಬಿಡುವುದು ಓಡುವುದಕ್ಕೆ ಆಗದೆ ಅಲ್ಲ, ಜಾಸ್ತಿ ಜೋರಾಗಿ ಓಡುವುದರಿಂದ. ನಮಗೆಲ್ಲ ಓಟ ಅಂದರೆ ಶಾಲೆಯ 100 ಮೀಟರ್ ಓಟವೇ ತಲೆಯಲ್ಲಿರುತ್ತದೆ, ಅದೇ ವೇಗದಲ್ಲಿ ಹೊರಡುತ್ತೇವೆ. ಅಕ್ಕ ಒಂದು ಪರೀಕ್ಷೆ ಹೇಳಿಕೊಟ್ಟಳು. ಓಡುತ್ತಾ ಬಾಯಿಬಿಟ್ಟು ಒಂದು ಪೂರ್ತಿ ವಾಕ್ಯ ಹೇಳಬೇಕು. ಹೇಳಲಿಕ್ಕೆ ಆದರೆ ವೇಗ ಸರಿ ಇದೆ, ಎರಡು ಪದಕ್ಕೇ ಉಸಿರು ಕಟ್ಟಿದರೆ ಜಾಸ್ತಿಯಾಯಿತು. ಓಟ ಕಲಿಸುವವರೆಲ್ಲ ಹೇಳುವ ಹಳೇ ಲೆಕ್ಕ ಇದು, ಗಡಿಯಾರ ಬೇಡ, ಯಂತ್ರ ಬೇಡ. ನಾನು ಆಫೀಸಿನ ಫೋನ್ ನಂಬರ್ ಜೋರಾಗಿ ಹೇಳಿಕೊಂಡು ಓಡುತ್ತಿದ್ದೆ. ನೋಡಿದವರು ಏನಂದುಕೊಂಡರೋ.

ನಡುವೆ ನಡೆಯುವುದಕ್ಕೆ ನಾಚಿಕೆಯಾಗುತ್ತಿತ್ತು ಅಂತಲೂ ಹೇಳಬೇಕು. ಓಟಕ್ಕೆ ಅಂತ ಡ್ರೆಸ್ ಹಾಕಿಕೊಂಡು ಬಂದು ನಡೆಯುತ್ತಿದ್ದಾಳಲ್ಲ ಅಂತ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ ಬಿಡಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಅನ್ನುವವರು 1974ರಿಂದಲೇ ಹೊಸಬರಿಗೆ ಓಟದ ಮಧ್ಯೆ ನಡೆಯುವುದನ್ನು ಕಲಿಸಿದರಂತೆ, ಆ ಕ್ರಮದಲ್ಲಿ ಮ್ಯಾರಥಾನ್ ಮುಗಿಸುವವರೂ ಇದ್ದಾರೆ. ಇದನ್ನು ಓದಿದ ಮೇಲೆ ನಾನು ಕತ್ತೆತ್ತಿ ನಡೆಯತೊಡಗಿದೆ.

ಇನ್ನು ಗುಂಪಿನ ವಿಷಯ. ಅಕ್ಕ, ಭಾವ, ನನ್ನ ಆಫೀಸಿನ ಒಬ್ಬ ಹುಡುಗಿ ಮತ್ತು ನಾನು, ನಾಲ್ಕು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಪ್ರೋತ್ಸಾಹಕ್ಕೆ ಅಂತ. ಮೊದಲ ಮೂರು ವಾರ ಅದರಲ್ಲಿ ಪ್ರೋತ್ಸಾಹ ಹೊಳೆಯಾಗಿ ಹರಿಯಿತು. ಭಾವ ದಿನಾ ತಮ್ಮ ವೇಗದ ಚಿತ್ರ ಹಾಕುವುದು, ಕಿಲೋಮೀಟರಿಗೆ ಇಷ್ಟು ನಿಮಿಷ ಅಂತ. ಹುಡುಗಿ "ಮೇಡಂ, ನೀವು ಸೂಪರ್, ಒಂದಿನವೂ ಬಿಡಬೇಡಿ" ಅಂತ ಬೆಂಕಿಯ ಚಿತ್ರಗಳ ಸಾಲು ಕಳಿಸುವುದು. ನಾನೂ ಉಬ್ಬಿಹೋದೆ. ಬಿಡುವಿನ ದಿನ ಅಂತ ಇರುವುದು ಸೋಮಾರಿಗಳಿಗೆ ಅಂದುಕೊಂಡು ಮೂರನೇ ವಾರ 5 ದಿನ ಓಡಿದೆ, ಅದೂ ಭಾವನ ವೇಗ ಮನಸ್ಸಿನಲ್ಲಿ ಇಟ್ಟುಕೊಂಡು.

ಆ ವಾರದ ಕೊನೆಗೆ ಕಾಲು ಹಿಡಿಯಿತು. ಮೊಣಕಾಲಿನ ಕೆಳಗೆ, ಮುಂಭಾಗದ ಉದ್ದ ಮೂಳೆಯ ಒಳ ಅಂಚಿನಲ್ಲಿ, ಒಂದು ಗೇಣಿನಷ್ಟು ಉದ್ದಕ್ಕೆ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಫಿಸಿಯೋ ಹತ್ತಿರ ಹೋದರೆ ಅವರು ಬೆರಳಿನಿಂದ ಆ ಅಂಚನ್ನು ಮೇಲಿನಿಂದ ಕೆಳಗಿನ ತನಕ ಒತ್ತಿ ಒತ್ತಿ ನೋಡಿ, ಶಿನ್ ಸ್ಪ್ಲಿಂಟ್ ಅಂದರು. ಹೊಸದಾಗಿ ಓಡುವವರಿಗೆ ತೀರಾ ಸಾಮಾನ್ಯವಂತೆ. ನೋವು ಹೀಗೆ ಉದ್ದಕ್ಕೆ ಹರಡಿದ್ದರೆ ವಿಶ್ರಾಂತಿಯಲ್ಲಿ ಹೋಗುತ್ತದೆ. ಒತ್ತಿದಾಗ ಒಂದೇ ಚುಕ್ಕೆಯಲ್ಲಿ ಜೀವ ಹೋಗುವಷ್ಟು ನೋವಿದ್ದರೆ, ಅಥವಾ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲೇ ಸಣ್ಣ ಬಿರುಕು ಬಿಟ್ಟಿರಬಹುದು, ಆಗ ಓಡುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಲೇಬೇಕು ಅಂದರು.

ಅವರು ಹೇಳಿದ ಇನ್ನೊಂದು ವಿಷಯದಿಂದ ನನಗೆ ಈ ಪ್ರೋಗ್ರಾಂ ಯಾಕೆ ಹೀಗಿದೆ ಅಂತ ಅರ್ಥವಾಯಿತು. ಓಡಲು ಶುರು ಮಾಡಿದಾಗ ಉಸಿರು, ಎದೆ ಇವೆಲ್ಲ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಮೂರನೇ ವಾರಕ್ಕೆ ಉಸಿರು, ಇನ್ನೂ ಓಡೋಣ ಬಾ ಅನ್ನುತ್ತದೆ, ಕಾಲು ಇನ್ನೂ ತಯಾರಿರುವುದಿಲ್ಲ. ನಡುವೆ ಒಂದು ದಿನ ಬಿಡು ಅಂತ ಪ್ರೋಗ್ರಾಂ ಹೇಳುವುದು ಅದಕ್ಕೇ. ಅದನ್ನು ನಾನು ಪುಕ್ಕಟೆ ಸಲಹೆ ಅಂದುಕೊಂಡಿದ್ದೆ.

2 ವಾರ ಓಟ ಬಂದ್. ಆಮೇಲೆ ಎರಡನೇ ವಾರದ ಪಟ್ಟಿಗೇ ವಾಪಸ್ಸು ಹೋಗಿ, ಎರಡು, ಮೂರು ಮತ್ತೊಮ್ಮೆ ಮಾಡಿದೆ. 9 ವಾರ 13 ಆಗಿದ್ದು ಹೀಗೆ.

ಕಾಲು ಹಿಡಿದ ಸುದ್ದಿ ಕೇಳಿ ಅಕ್ಕ ಭಾವನಿಗೆ ಏನು ಹೇಳಿದಳೋ, ಮಾರನೇ ದಿನದಿಂದ ವೇಗದ ಚಿತ್ರ ನಿಂತುಹೋಯಿತು. ಗುಂಪಿಗೆ ಅವಳೇ ಒಂದು ಕಟ್ಟಳೆ ಮಾಡಿದಳು. ಓಟದ ದಿನ ರಾತ್ರಿಯೊಳಗೆ "ಆಯ್ತು" ಅಥವಾ "ಇಲ್ಲ" ಅಂತ ಬರೆಯಬೇಕು. ಅಷ್ಟೇ. ಎಷ್ಟು ದೂರ, ಎಷ್ಟು ಜೋರು, ಯಾವುದೂ ಬೇಡ. "ಇಲ್ಲ" ಅಂದವರನ್ನು ಯಾಕೆ ಅಂತ ಕೇಳುವ ಹಾಗಿಲ್ಲ. ಬಿಡುವಿನ ದಿನ ಓಡಿದವರಿಗೆ ಮಾತ್ರ ಬೈಗುಳ.

ನೀರಸ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಮುಂದಿನ ವಾರಗಳಲ್ಲಿ ನನ್ನನ್ನು ಬಾಗಿಲು ದಾಟಿಸಿದ್ದು ಬೆಂಕಿಯ ಚಿತ್ರಗಳಲ್ಲ, ಆ "ಆಯ್ತು". ಮಳೆ ಹನಿಯುತ್ತಿರುವ ಒಂದು ಸಂಜೆ ಸೋಫಾದ ಮೇಲೆ ಹೊದ್ದು ಮಲಗಿದ್ದೆ. ಒಂಬತ್ತಕ್ಕೆ ಅಕ್ಕನ ಮೆಸೇಜು, "ಮುಗೀತೇನೇ?" ಒಂದೇ ಪದ. ಇಲ್ಲ ಅಂತ ಟೈಪ್ ಮಾಡಿದೆ, ಅಳಿಸಿದೆ, ಶೂ ಹುಡುಕಿದೆ. ಹೊಗಳಿದವರನ್ನು ನಾನು ಮರೆತುಬಿಡಬಲ್ಲೆ, ಕೇಳುತ್ತಾ ಕಾಯುವವರಿಗೆ ಉತ್ತರ ಕೊಡದೆ ಇರುವುದಕ್ಕೆ ಆಗುವುದಿಲ್ಲ. ಸ್ವಭಾವ.

ಈಗ ಐದನೇ ವಾರ. ಮೊದಲ ದಿನ 5 ನಿಮಿಷದ ಮೂರು ಓಟ. ಎರಡನೇ ದಿನ 8 ನಿಮಿಷದ ಎರಡು. ಸರಿ, ಮೂರನೇ ದಿನ 10 ಇರಬಹುದು ಅಂದುಕೊಂಡರೆ, 20 ನಿಮಿಷ. ಒಂದೇ ಉಸಿರಿಗೆ. ನಡಿಗೆ ಇಲ್ಲ. ಅಚ್ಚಿನ ತಪ್ಪು ಅಂತಲೇ ಅಂದುಕೊಂಡೆ. ಅಕ್ಕನಿಗೆ ಫೋನ್ ಮಾಡಿದರೆ ಅವಳು ನಕ್ಕಳು. ಈ ಪ್ರೋಗ್ರಾಂ ಮಾಡಿದವರೆಲ್ಲ ಹೆದರುವುದು ಈ ದಿನಕ್ಕೇ ಅಂತೆ.

"ಆಗಲ್ಲ ಕಣಕ್ಕಾ."

"ಆಗದಿದ್ರೆ ನಡಿ, ಯಾರು ಬೇಡ ಅಂದ್ರು? ಆದ್ರೆ ಮೊದಲ 5 ನಿಮಿಷ ನಿನಗೆ ನಾಚಿಕೆ ಆಗೋಷ್ಟು ನಿಧಾನ ಹೋಗು."

ನಾಚಿಕೆ ಆಗುವಷ್ಟು ನಿಧಾನವೇ ಹೋದೆ. ವಾಕಿಂಗ್ ಬಂದ ಒಬ್ಬ ಹಿರಿಯರು ನಿಜಕ್ಕೂ ನನ್ನನ್ನು ದಾಟಿ ಹೋದರು. 7ನೇ ನಿಮಿಷದಿಂದ 11ರವರೆಗೆ ನರಕ. ಕಾಲು ಭಾರ, ಉಸಿರು ತಾಳ ತಪ್ಪಿದ ಹಾಗೆ, ಮನಸ್ಸಂತೂ ಪ್ರತಿ ಲೈಟು ಕಂಬಕ್ಕೂ ಇಲ್ಲಿ ನಿಲ್ಲೋಣ ಅನ್ನುತ್ತಿತ್ತು. 12 ದಾಟಿದ ಮೇಲೆ ಏನಾಯಿತೋ, ಉಸಿರು ತಾನಾಗಿ ಒಂದು ಲಯಕ್ಕೆ ಬಿತ್ತು, ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ಆಪಿನ ಹೆಂಗಸು ಕೊನೆಯ 60 ಸೆಕೆಂಡು ಅಂದಾಗ ಮೊದಲ ವಾರದಲ್ಲಿ ಇದೇ 60 ಸೆಕೆಂಡಿಗೆ ಬೆಂಚು ಹುಡುಕಿದ್ದು ನೆನಪಾಗಿ ಒಬ್ಬಳೇ ನಕ್ಕೆ. ಮುಗಿಸಿ ಗುಂಪಿಗೆ "ಆಯ್ತು" ಅಂತ ಬರೆದೆ. ಕಟ್ಟಳೆ ಮಾಡಿದ ಅಕ್ಕನೇ ಅದನ್ನು ಮುರಿದು ಹತ್ತು ಸಲ ಫೋನ್ ಮಾಡಿದಳು.

ಆರನೇ ವಾರದಲ್ಲಿ ಮತ್ತೆ 5, 8, 5 ಅಂತ ಸಣ್ಣ ಓಟಗಳು ಬಂದಾಗ ಸುಲಭ ಅಂದುಕೊಂಡು ಹೋಗಿ ಒದ್ದಾಡಿದೆ. 20 ಓಡಿದವಳಿಗೆ 5 ಯಾಕೆ ಕಷ್ಟವಾಗಬೇಕು? ನಿದ್ದೆ ಸರಿ ಆಗಿರಲಿಲ್ಲ, ಬಿಸಿಲಿತ್ತು, ಇನ್ನೇನೋ ಇರಬಹುದು. ಓಟದಲ್ಲಿ ಕೆಟ್ಟ ದಿನಗಳು ಹೇಳದೆ ಕೇಳದೆ ಬರುತ್ತವೆ. ಆಪ್ ಇದನ್ನು ಒಂದು ಮಾತಿನಲ್ಲಾದರೂ ಮುಂಚೆ ಹೇಳಬೇಕಿತ್ತು. ಏಳು, ಎಂಟನೇ ವಾರದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, 25 ನಿಮಿಷ, 28 ನಿಮಿಷ, ಸ್ವಲ್ಪ ಬೇಜಾರೇ.

ಶೂ ಬಗ್ಗೆ ಕೇಳುವವರಿಗೆ: ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅಳತೆ ಮಾತ್ರ ಸರಿ ನೋಡಿಕೊಳ್ಳಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು, ಓಡಿದಾಗ ಪಾದ ಸ್ವಲ್ಪ ಊದಿಕೊಳ್ಳುತ್ತದೆ. ಅಂಗಡಿಯವನು ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂದದ್ದನ್ನು ನಂಬಿ ಬಿಗಿಯಾದದ್ದು ತಂದು ನನ್ನ ಎರಡು ಉಗುರು ಕಪ್ಪಾಯಿತು. ಹೆಂಗಸರು ಶೂಗಿಂತ ಮೊದಲು ಒಳ್ಳೆಯ ಸ್ಪೋರ್ಟ್ಸ್ ಬ್ರಾ ತೆಗೆದುಕೊಳ್ಳಿ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎದೆನೋವು, ಬಿಪಿ, ಸಕ್ಕರೆ ಇರುವವರು, ತುಂಬಾ ವರ್ಷದಿಂದ ಮೈ ಬಗ್ಗಿಸದೆ ಇದ್ದವರು ಮೊದಲು ಡಾಕ್ಟರಿಗೆ ತೋರಿಸಿ ಆಮೇಲೆ ಶುರು ಮಾಡಿ.

ಪ್ರೋಗ್ರಾಂ ಮೇಲೆ ನನ್ನ ದೊಡ್ಡ ತಕರಾರು ಹೆಸರಿನದೇ. ಇದು ನಿಮ್ಮನ್ನು 30 ನಿಮಿಷ ಓಡುವ ಹಾಗೆ ಮಾಡುತ್ತದೆ, 5 ಕಿಲೋಮೀಟರ್ ಅಲ್ಲ. 30 ನಿಮಿಷದಲ್ಲಿ 5 ಕಿಲೋಮೀಟರ್ ಆಗಬೇಕು ಅಂದರೆ ಒಂದು ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ನನ್ನ ಹಾಗೆ ಸೋಫಾದಿಂದ ನೇರ ಬಂದವರಿಗೆ ಅದು ತುಂಬಾ ಜೋರು. ಗೊತ್ತಿಲ್ಲದೆ ಬಂದವರು ಒಂಬತ್ತನೇ ವಾರ ಮುಗಿಸಿ ದೂರ ನೋಡಿಕೊಂಡು, ಅಯ್ಯೋ ನಾನು ಫೇಲು ಅಂತ ಕೂರುತ್ತಾರೆ. ಫೇಲೇನೂ ಅಲ್ಲ. ಹೆಸರು ಇಟ್ಟವರು ಲೆಕ್ಕ ಸ್ವಲ್ಪ ಉದಾರವಾಗಿ ಹಾಕಿದ್ದಾರೆ. ಎರಡನೆಯದು, ಬರೀ ಓಟ ಇದೆ, ತೊಡೆ ಮತ್ತು ಮೀನಖಂಡ ಗಟ್ಟಿ ಮಾಡುವ ವ್ಯಾಯಾಮ ಪಟ್ಟಿಯಲ್ಲಿಲ್ಲ. ಫಿಸಿಯೋ ಹೇಳಿದ ಮೇಲೆ ನಾನು ಹಲ್ಲುಜ್ಜುವಾಗ ಹಿಮ್ಮಡಿ ಎತ್ತಿ ಇಳಿಸುವುದನ್ನು ಶುರು ಮಾಡಿದೆ, ಕಾಲುನೋವು ಮತ್ತೆ ಬಂದಿಲ್ಲ.

ಇಷ್ಟಾದರೂ ಯಾರಾದರೂ ಕೇಳಿದರೆ ಮಾಡಿ ಅಂತಲೇ ಹೇಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಬ್ಬರೇ ಮಾಡುವುದಾದರೆ ಮೂರು.

ಕೊನೆಯ ಓಟಕ್ಕೆ ಅಕ್ಕ ಬಂದಿದ್ದಳು. ಹಿಂದಿನ ರಾತ್ರಿ ಮಾತಿಗೆ ಪಾರ್ಕ್‌ರನ್ ವಿಷಯ ಬಂತು. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಸೇರಿ ಓಡಿದ್ದು, ಈಗ ಎಷ್ಟೋ ದೇಶಗಳಲ್ಲಿ ವಾರವಾರ ನಡೆಯುವ ಪುಕ್ಕಟೆ 5 ಕಿಲೋಮೀಟರ್ ಓಟ. ಅಲ್ಲಿ ಒಬ್ಬರು ಸ್ವಯಂಸೇವಕರು ಎಲ್ಲರಿಗಿಂತ ಹಿಂದೆ ಬೇಕೆಂದೇ ಬರುತ್ತಾರಂತೆ, ಓಡಲು ಬಂದ ಯಾರೂ ಕೊನೆಯವರಾಗಬಾರದು ಅಂತ. ನಾನು ಆ ಮಾತನ್ನು ಅಲ್ಲಿಗೇ ಮರೆತೆ. ಬೆಳಿಗ್ಗೆ ಓಡುವಾಗ ಪಕ್ಕದಲ್ಲಿ ಬಾ ಅಂದರೆ ಬರಲೇ ಇಲ್ಲ, 30 ನಿಮಿಷವೂ ಹಿಂದೆಯೇ. ಅವಳ ಶೂ ಸದ್ದು ನನ್ನ ಬೆನ್ನಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಚಪ್ ಚಪ್ ಅಂತ ಬರುತ್ತಿತ್ತು, ನಾನು ನಿಧಾನವಾದರೆ ಅದೂ ನಿಧಾನ. ನನಗಿಂತ ಎರಡು ಪಟ್ಟು ಜೋರಾಗಿ ಓಡಬಲ್ಲವಳು.

ಮುಗಿದಾಗ ಫೋನು ನೋಡಿದೆವು. 3.9 ಕಿಲೋಮೀಟರ್.

"ಇನ್ನೂ 1.1 ಬಾಕಿ ಇದೆ," ಅಂದೆ.

"ಇವತ್ತಲ್ಲ. ನಾಳೆಯೂ ಅಲ್ಲ, ನಾಳೆ ಬಿಡುವು," ಅಂದು ಅಕ್ಕ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಗುಂಪಿಗೆ ನನ್ನ ಪರವಾಗಿ "ಆಯ್ತು" ಅಂತ ಟೈಪ್ ಮಾಡಿದಳು.